ಅಜ್ಟೆಕ್ ಮೆಟ್ಟಿಲ ಮೇಲೊಂದು ರಾಜಗಿರಿ ಉಂಡೆ

ಬೆಲ್ಲದ ಪಾಕದ ವಾಸನೆ ಬಂದರೆ ನನ್ನ ಕೈ ತಾನಾಗಿ ಮುಂದೆ ಚಾಚುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಕಳೆದ ವಾರ ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಮತ್ತೆ ಹಾಗೆಯೇ ಆಯಿತು. ಸಿಹಿ ಅಂಗಡಿಯೊಂದರ ಬಾಗಿಲಲ್ಲೇ ದೊಡ್ಡ ಬಾಣಲೆ ಇಟ್ಟುಕೊಂಡು ಒಬ್ಬಾಕೆ ರಾಜಗಿರಿ ಹುರಿಯುತ್ತಿದ್ದಳು. ಸಾಸಿವೆಗಿಂತ ಸಣ್ಣ ಕಾಳು ಬಿಸಿ ಕಬ್ಬಿಣಕ್ಕೆ ಬಿದ್ದೊಡನೆ ಬೆಳ್ಳಗೆ ಅರಳಿ ಚಟಪಟ ಹಾರುತ್ತಿತ್ತು. ಪಕ್ಕದ ಒಲೆಯ ಮೇಲೆ ಬೆಲ್ಲ ಕುದಿಯುತ್ತಿತ್ತು. ಬೆಂಡೆಕಾಯಿ, ಕೊತ್ತಂಬರಿ ಚೀಲ ಹಿಡಿದು ನಿಂತಿದ್ದ ನಾನು ನನಗೇ ಗೊತ್ತಿಲ್ಲದಂತೆ ಎಡಗೈಯನ್ನು ಮುಂದೆ ಚಾಚಿದ್ದೆ, ಮೇಲಿನಿಂದ ಯಾರೋ ಬೀಳುತ್ತಿದ್ದಾರೆ, ಹಿಡಿಯಬೇಕು ಎನ್ನುವಂತೆ. ಹಿಂದೆ ಇದ್ದ ಪಂಜಾಬಿ ಅಜ್ಜಿಯೊಬ್ಬರು, "ಆರ್ ಯೂ ಆಲ್‌ರೈಟ್, ಬೇಟಾ?" ಎಂದರು.

"ಐ ಆಮ್ ಫೈನ್" ಎಂದೆ. ಈ ದೇಶಕ್ಕೆ ಬಂದ ಮೇಲೆ ನಾನು ಕಲಿತ ಮೊದಲ ಸುಳ್ಳು ಅದು. ಕಲಿಸಿದವರು ಇಂದೂ ಕಾಕು.

ಡಾಕ್ಟರ್ ಇಂದಿರಾ ಕುಲಕರ್ಣಿ. ಧಾರವಾಡದವರು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಲಂಡನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂತ್ರಪಿಂಡದ ಡಾಕ್ಟರಾಗಿ ದುಡಿದು ನಿವೃತ್ತರಾಗಿದ್ದರು. ಸ್ಟ್ಯಾನ್ಮೋರಿನಲ್ಲಿ ಮನೆ. ಮಗಳು ವಿದ್ಯಾ, ಅಳಿಯ, ಅಳಿಯನ ತಮ್ಮ, ಎಲ್ಲರೂ ಅದೇ ಮನೆಯಲ್ಲಿ, ಎಲ್ಲರೂ ಡಾಕ್ಟರು. "ನಮ್ಮನ್ಯಾಗ ಕೆಮ್ಮಿದ್ರ ನಾಕು ಮಂದಿ ಎದ್ದು ಬರತಾರ, ಚಹಾ ಬೇಕಂದ್ರ ಒಬ್ಬರೂ ಏಳಂಗಿಲ್ಲ" ಎನ್ನುತ್ತಿದ್ದರು.

ನಾನು ಮದುವೆಯಾಗಿ ಲಂಡನ್ನಿಗೆ ಬಂದ ಮೊದಲ ವರ್ಷ ಅದು. ಗಂಡ ಶ್ರೀಧರ ಬೆಳಿಗ್ಗೆ ಟ್ಯೂಬ್ ರೈಲು ಹಿಡಿದರೆ ಮನೆಗೆ ಬರುವಷ್ಟರಲ್ಲಿ ನಾನು ಎಜ್ವೇರಿನ ಆ ಸಣ್ಣ ಫ್ಲ್ಯಾಟಿನ ಗೋಡೆಗಳ ಜೊತೆ ಎಲ್ಲ ಮಾತೂ ಆಡಿ ಮುಗಿಸಿರುತ್ತಿದ್ದೆ. ಯುಗಾದಿ ಕೂಟದಲ್ಲಿ ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಗಡಸು ದನಿ ಕೇಳಿತು: "ನೀ ಏನು ಓದೀ, ತಂಗಿ?"

"ಹಿಸ್ಟರಿ ಎಂ.ಎ., ಮೈಸೂರಲ್ಲಿ. ಆರ್ಕಿಯಾಲಜಿ ಸ್ಪೆಷಲ್."

ಆ ಉತ್ತರ ಕೇಳಿದವರು ಸಾಮಾನ್ಯವಾಗಿ "ಓಹ್, ನೈಸ್" ಎಂದು ಪಲ್ಯದ ಕಡೆ ತಿರುಗುತ್ತಿದ್ದರು. ಇವರು ತಿರುಗಲಿಲ್ಲ.

"ಹಂಗಾದ್ರ ನೀ ನನಗ ಬೇಕು. ಮೂವತ್ತು ವರ್ಷ ಲಂಡನ್ನಿನವರ ಕಿಡ್ನಿ ನೋಡೀನಿ, ಲಂಡನ್ ನೋಡಿಲ್ಲ. ತೋರಸ್ತೀ ಏನು?"

"ನಾನೂ ನೋಡಿಲ್ಲ, ಡಾಕ್ಟ್ರೇ."

"ಡಾಕ್ಟರ್ ಅನಬ್ಯಾಡ, ಪೆನ್ಶನ್ ಬರಲಿಕ್ಕೆ ಹತ್ತೇದ. ಕಾಕು ಅನ್ನು, ನಮ್ಮ ಕಡೆ ಚಿಕ್ಕಮ್ಮಗ ಹಂಗ ಅಂತಾರ."

ಹೀಗೆ ಶುರುವಾದವು ನಮ್ಮ ಬುಧವಾರಗಳು. ಆ ಬೇಸಿಗೆ ಲಂಡನ್ನಿಗೆ ಹೊಂದದ ಬೇಸಿಗೆ. ಪಾರ್ಕಿನ ಹುಲ್ಲು ಒಣಗಿ ಚಾಪೆಯ ಬಣ್ಣವಾಗಿತ್ತು. ಟ್ಯೂಬಿನಲ್ಲಿ ಸೂಟು ಹಾಕಿದವರೂ ಬಿಟ್ಟಿ ಪತ್ರಿಕೆ ಮಡಚಿ ಬೀಸಿಕೊಳ್ಳುತ್ತಿದ್ದರು. ನಮ್ಮ ಫ್ಲ್ಯಾಟಿನ ಕಿಟಕಿ ಒಂದು ಗೇಣಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ, ಕೌನ್ಸಿಲ್ಲಿನವರ ನಿಯಮವಂತೆ. ಮ್ಯೂಸಿಯಂಗಳೊಳಗೆ ಮಾತ್ರ ಕಲ್ಲಿನ ತಂಪು. ಕಾಕು ಮೊದಲ ದಿನವೇ ಹೇಳಿಬಿಟ್ಟರು, "ಸಂಸ್ಕೃತಿ ಆಮ್ಯಾಲೆ, ಮೊದಲ ಎ.ಸಿ."

ಅವರ ಜೊತೆ ಮ್ಯೂಸಿಯಂ ನೋಡುವುದೆಂದರೆ ವಾರ್ಡಿನಲ್ಲಿ ರೌಂಡ್ಸಿಗೆ ಹೋದ ಹಾಗೆ. ನಾನು ಅಸಿರಿಯಾದ ರಾಜನ ಗಡ್ಡದ ಕೆತ್ತನೆ ವಿವರಿಸುತ್ತಿದ್ದರೆ ಅವರು ಕನ್ನಡಕ ಏರಿಸಿ ಅವನ ಕಾಲು ನೋಡುತ್ತಿದ್ದರು. "ಪಾದ ಬಾತಾವ ನೋಡು. ಹಾರ್ಟ್ ಇಲ್ಲಾ ಕಿಡ್ನಿ." ರೋಮಿನ ಹೆಂಗಸೊಬ್ಬಳ ಅಮೃತಶಿಲೆಯ ಕುತ್ತಿಗೆಯನ್ನು ದೂರದಿಂದ ಬೆರಳಲ್ಲಿ ಅಳೆದು, "ಥೈರಾಯ್ಡ್. ಪಾಪ, ಆ ಕಾಲಕ್ಕ ಏನು ಮಾಡ್ಯಾಳು" ಎಂದು ನಿಜವಾಗಿ ಮರುಗಿದರು. ನನಗೆ ಗೊತ್ತಿದ್ದ ಚರಿತ್ರೆಯಲ್ಲಿ ಸತ್ತವರಿಗೆ ಮೈ ಇರಲಿಲ್ಲ. ಅವರ ಪಕ್ಕ ನಿಂತು ನೋಡಿದ ಮೇಲೆ ಬಂತು.

ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿಯುತ್ತಿದ್ದರು. ವಯಸ್ಸಿಗೆ ಆಸರೆ ಬೇಕೇನೋ ಎಂದುಕೊಂಡಿದ್ದೆ. ಒಂದು ದಿನ ಬಸ್ಸು ಹಾದುಹೋದ ಮೇಲೆ ತಿಳಿಯಿತು, ನಾನು ಆಚೀಚೆ ನೋಡದೆ ನುಗ್ಗುತ್ತೇನೆಂದು ಹಿಡಿದಿದ್ದರು. "ನಿಮ್ಮವ್ವಗ ನಾ ಏನು ಉತ್ತರ ಕೊಡಲಿ?" ಎಂದು ಬೈದರು. ನನ್ನ ಅಮ್ಮನನ್ನು ಅವರು ಕಂಡೇ ಇರಲಿಲ್ಲ. ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, ಇಲ್ಲಿ ನನಗೂ ಒಬ್ಬರು ಇದ್ದಾರೆ ಅಂತ.

ಕಾಕುಗೆ ಏಕಾದಶಿ ತಪ್ಪುತ್ತಿರಲಿಲ್ಲ. ನೀರೂ ಮುಟ್ಟದ ಕಡು ಉಪವಾಸ ಅವರ ತವರಿನಲ್ಲಿ ಇರಲಿಲ್ಲ. ಅಕ್ಕಿ, ಗೋಧಿ, ಬೇಳೆ ಬಿಟ್ಟು ಮಧ್ಯಾಹ್ನ ಒಂದು ಹೊತ್ತು ಫರಾಳ ಮಾಡುವ ಪದ್ಧತಿ: ಸಾಬೂದಾಣಿ ಎಂದರೆ ನಮ್ಮ ಸಬ್ಬಕ್ಕಿ, ಅದರ ಉಸುಳಿ, ಬೇಯಿಸಿದ ಗೆಣಸು, ಶೇಂಗಾ, ರಾಜಗಿರಿ ಉಂಡೆ. ಆದರೆ ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಲೇಬೇಕು. ಆ ಮಾತ್ರೆ ಹೊಟ್ಟೆಗೆ ಏನೂ ಬೀಳದಿದ್ದರೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ರಕ್ತದ ಸಕ್ಕರೆ ಇಳಿದು, ಇಳಿದು, ಮೊದಲು ಬುದ್ಧಿ ಮಂಕಾಗುತ್ತದೆ, ಆಮೇಲೆ ಎಚ್ಚರ ಹೋಗುತ್ತದೆ. ಆದ್ದರಿಂದ ಅಮ್ಮ–ಮಗಳ ನಡುವೆ ಒಂದು ಒಪ್ಪಂದವಿತ್ತು: ಉಪವಾಸ ಮಾಡಲಿ, ಆದರೆ ಹನ್ನೆರಡಕ್ಕೆ ಫರಾಳ ಆಗಲೇಬೇಕು. ರಂಜಾನಿನಲ್ಲಿ, ಶ್ರಾವಣದಲ್ಲಿ ಎಷ್ಟೋ ರೋಗಿಗಳಿಗೆ ಇದೇ ಎಚ್ಚರಿಕೆಯನ್ನು ಕಾಕು ಸ್ವತಃ ಕೊಟ್ಟಿದ್ದರು. ತಮಗೂ ಅದು ಅನ್ವಯಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ತಮ್ಮ ದೇಹ ಮಾತ್ರ ಸ್ವಲ್ಪ ಕಾಯುತ್ತದೆ ಎಂಬ ನಂಬಿಕೆ, ಡಾಕ್ಟರುಗಳಿಗಷ್ಟೇ ಇರುವಂಥದ್ದು, ಅವರಿಗೂ ಇತ್ತು.

ಜುಲೈ ಕೊನೆಯ ಹೊತ್ತಿಗೆ ಮಧ್ಯ ಲಂಡನ್ನಿನ ಒಂದು ಮ್ಯೂಸಿಯಂನಲ್ಲಿ ಅಜ್ಟೆಕ್ ಪ್ರದರ್ಶನ ಶುರುವಾಗಿತ್ತು. ಮೆಕ್ಸಿಕೋ ನಗರದ ಕೆಳಗೆ ಅಗೆದಾಗ ಸಿಕ್ಕ ದೊಡ್ಡ ಗುಡಿಯ ಅವಶೇಷಗಳು, ಕಲ್ಲಿನ ಹಾವುಗಳು, ಮುಖವಾಡಗಳು, ಅಚ್ಚು ತೆಗೆದ ಶಿಲ್ಪಗಳು. ಕೊನೆಯ ಹಾಲಿನಲ್ಲಿ ಆ ಗುಡಿಯ ಮೆಟ್ಟಿಲುಗಳನ್ನು ಸಣ್ಣದಾಗಿ, ಆದರೂ ಎರಡಾಳೆತ್ತರಕ್ಕೆ, ಕಡಿದಾಗಿಯೇ ಕಟ್ಟಿದ್ದರು. ಹತ್ತಿ ನೋಡಬಹುದು ಎಂದು ಬರೆದಿತ್ತು. ನಾನು ಕುಣಿದಾಡಿದ್ದೆ. ಮೈಸೂರಿನ ತರಗತಿಯಲ್ಲಿ ಅದರ ಬಗ್ಗೆ ಮಸುಕು ಸ್ಲೈಡು ನೋಡಿದ್ದು ಬಿಟ್ಟರೆ ಇಷ್ಟು ಹತ್ತಿರ ಬರುತ್ತೇನೆಂದು ಎಣಿಸಿರಲಿಲ್ಲ. ನಮ್ಮ ಟಿಕೆಟ್ಟು ಒಂದು ಬುಧವಾರ ಸಿಕ್ಕಿತು. ಅಂದು ಏಕಾದಶಿ.

"ಛಲೋ ಆತು," ಎಂದರು ಕಾಕು. "ಹಸಿದ ಹೊಟ್ಟಿಗೆ ದೇವರು ಭಾಳ ಛಂದ ಕಾಣತಾವ."

ಹನ್ನೊಂದೂವರೆಗೆ ಮುಟ್ಟಿ, ಅಂಗಳದ ಬೆಂಚಿನಲ್ಲಿ ಫರಾಳ ಮುಗಿಸಿ, ಆಮೇಲೆ ಒಳಗೆ ಹೋಗುವುದೆಂದು ನಮ್ಮ ಲೆಕ್ಕ. ಬಿಸಿಲಿಗೆ ಹಳಿ ಕಾದು ಜುಬಿಲಿ ಲೈನಿನ ರೈಲು ನಡುವೆ ನಿಂತಿತು. ಬೆವರುತ್ತ, ಪರಸ್ಪರ ಮುಖ ನೋಡದೆ ಕೂತಿದ್ದವರ ಆ ಬೋಗಿಯ ತುಂಬ ಕಾಕು ಒಬ್ಬರೇ ಮಾತಾಡುತ್ತಿದ್ದರು. ಗದಗಿನಲ್ಲಿರುವ ತಂಗಿ ಶಾಂತಾ ಬಗ್ಗೆ. ರಜೆಯಲ್ಲಿ ಇಬ್ಬರೂ ಲಕ್ಕುಂಡಿಯ ಸೋದರಮಾವನ ಮನೆಗೆ ಹೋಗುತ್ತಿದ್ದರಂತೆ. ಅಲ್ಲಿಯ ಹಳೆಯ ಮೆಟ್ಟಿಲು ಬಾವಿಯಲ್ಲಿ ಕಾಲು ಇಳಿಬಿಟ್ಟು ಕೂರುವುದಂತೆ. "ಮ್ಯಾಲಿನ ಮೆಟ್ಟಿಲು ಸುಡತಿದ್ವು. ಕೆಳಗ ಇಳಿದಂಗ ಇಳಿದಂಗ ತಂಪು. ನೀರು ಎಲ್ಲಿ ಶುರು ಆಗತದ ಅಂತ ಹೆಬ್ಬೆರಳಿನಿಂದ ಹುಡುಕೋದು. ಶಾಂತಾ ಯಾವಾಗಲೂ ಹಿಂದ. ಅಂಜುಬುರುಕಿ."

ನಾವು ಓಡಿದಂತೆ ಮ್ಯೂಸಿಯಂ ಮುಟ್ಟಿದಾಗ ಟಿಕೆಟ್ಟಿನ ಹೊತ್ತು ಮೀರುವುದರಲ್ಲಿತ್ತು. ಈಗ ಒಳಗೆ ಹೋಗದಿದ್ದರೆ ಈ ದಿನವೇ ಇಲ್ಲ ಎಂದರು ಬಾಗಿಲಲ್ಲಿದ್ದವರು, ಬಹಳ ನಯವಾಗಿ. ಕಾಕು ಫರಾಳದ ಡಬ್ಬಿಯ ಚೀಲವನ್ನು ನನ್ನ ಹೆಗಲಿಗೆ ಏರಿಸಿದರು. "ಒಂದು ಸುತ್ತು ಹಾಕಿ ಬಂದ ಮ್ಯಾಲೆ ತಿನ್ನೋಣು. ನಡೀ."

ಮೊದಲ ಕೋಣೆಯಲ್ಲೇ ಬುರುಡೆಗಳು. ಬಲಿಯಾದವರ ತಲೆಗಳನ್ನು ಕೋಲಿಗೆ ಪೋಣಿಸಿ ಸಾಲಾಗಿ ನಿಲ್ಲಿಸುತ್ತಿದ್ದ ಚೌಕಟ್ಟಿನ ಮಾದರಿ, ಅದರ ಪಕ್ಕ ಗಾಜಿನೊಳಗೆ ನಿಜವಾದವು ಕೆಲವು. ಕಾಕು ಬಗ್ಗಿ ಒಂದೊಂದರ ಹಲ್ಲು ನೋಡಿ, "ಇದು ಹುಡುಗಿ. ಇಪ್ಪತ್ತರ ಒಳಗ" ಎಂದರು. ಆಮೇಲೆ ನೆಟ್ಟಗಾಗಿ, ಸೆರಗು ಸರಿಮಾಡಿಕೊಂಡು, "ಇಲ್ಲೆ ಫರಾಳ ಮಾಡಂಗಿಲ್ಲ ಬಿಡು" ಎಂದರು.

"ಇಲ್ಲಿ ಹೇಗಿದ್ರೂ ತಿನ್ನೋ ಹಾಗಿಲ್ಲ ಕಾಕು. ಬೋರ್ಡ್ ಹಾಕಿದ್ದಾರೆ."

"ಅವರ ಬೋರ್ಡು ಅಲ್ಲಲೇ ಹುಚ್ಚಿ, ನನ್ನ ಬೋರ್ಡು. ಮೆಡಿಕಲ್ ಮೊದಲನೇ ವರ್ಷ, ಬುರುಡಿ ಮುಟ್ಟಿ ಬಂದ ದಿನ ತಲಿಮ್ಯಾಲೆ ನೀರು ಬಿದ್ದ ಮ್ಯಾಲೇನೇ ನಾವು ಅನ್ನ ಮುಟ್ಟತಿದ್ವಿ. ಹಾಸ್ಟೆಲ್ಲಿನಾಗ ನೀರು ಇಲ್ಲಂದ್ರ ಉಪವಾಸ. ನಾನು, ಇನ್ನಿಬ್ಬರು. ಉಳದವರು ನಗತಿದ್ರು."

"ಈಗ ನೀವು ಮುಟ್ಟಿಲ್ವಲ್ಲ."

"ನೋಡೀನಲ್ಲ. ಏಕಾದಶಿ ದಿನ ನೋಡಿದ್ರೂ ಮುಟ್ಟಿದಂಗ."

ಹೀಗೆ ಎರಡು ಕಟ್ಟಳೆಗಳು, ಒಂದು ಲಂಡನ್ನಿನದು, ಒಂದು ಧಾರವಾಡದ್ದು, ಆ ದಿನ ಒಟ್ಟಿಗೆ ಕೈ ಹಿಡಿದುಕೊಂಡವು. ನನ್ನ ಹೆಗಲಲ್ಲಿ ಡಬ್ಬಿ ತೂಗುತ್ತಿತ್ತು.

ಮುಂದಿನ ಕೋಣೆಯಲ್ಲಿ ಒಂದು ಮಣ್ಣಿನ ಬಟ್ಟಲಿತ್ತು. ಅದರಲ್ಲಿ ಹಿಡಿಯಷ್ಟು ಕಾಳು. ಕಾಕು ಗಾಜಿಗೆ ಮೂಗು ಹಚ್ಚಿ ನಿಂತುಬಿಟ್ಟರು. "ಅಯ್ಯ ಇವಳ, ಇದು ರಾಜಗಿರಿ ಅಲ್ಲೇನು!"

ಫಲಕ ಓದಿ ಹೇಳಿದೆ. ಹೌದು, ಅದೇ ಕಾಳು. ಅಜ್ಟೆಕರು ಅದನ್ನು ಹುರಿದು, ಜೇನು ಬೆರೆಸಿ ನಾದಿ, ತಮ್ಮ ದೇವರ ಮೂರ್ತಿಯನ್ನೇ ಮಾಡುತ್ತಿದ್ದರು. ಹಬ್ಬದ ದಿನ ಆ ಮೂರ್ತಿಯನ್ನು ಮುರಿದು, ತುಂಡು ತುಂಡಾಗಿ ಊರಿಗೆಲ್ಲ ಹಂಚುತ್ತಿದ್ದರು. ಫಲಕದಲ್ಲಿ ಇನ್ನೂ ಒಂದು ಸಾಲಿತ್ತು. ಕೆಲವೊಮ್ಮೆ ಜೇನಿನ ಜೊತೆಗೆ ರಕ್ತವನ್ನೂ ಬೆರೆಸುತ್ತಿದ್ದರೆಂದು. ಅದನ್ನು ನಾನು ಓದಲಿಲ್ಲ. ಚೀಲದೊಳಗೆ ಉಂಡೆಗಳಿದ್ದವು.

"ಅಂದ್ರ ಪ್ರಸಾದ," ಎಂದರು ಕಾಕು ಮೆಲ್ಲಗೆ.

"ಹೂಂ. ಪ್ರಸಾದವೇ. ಆಮೇಲೆ ಹಡಗು ಹತ್ತಿ ನಮ್ಮ ಕಡೆ ಬಂತು. ಗೆಣಸು, ಶೇಂಗಾ, ಆಲೂಗಡ್ಡೆ, ಸಾಬೂದಾಣಿಯ ಗೆಡ್ಡೆ, ಎಲ್ಲಾ ಆ ಸಮುದ್ರದ ಆಚೆಯವೇ ಕಾಕು. ಹೊಸದಾಗಿ ಬಂದವು ಅಂತ ನಮ್ಮವರು ಧಾನ್ಯದ ಸಾಲಿಗೆ ಸೇರಿಸಲಿಲ್ಲವೇನೋ, ಉಪವಾಸಕ್ಕೆ ನಡೀತದೆ ಅಂದರು."

ಕಾಕು ನಕ್ಕ ನಗೆಗೆ ಇಡೀ ಕೋಣೆ ತಿರುಗಿ ನೋಡಿತು. "ನಮ್ಮವ್ವ ಬದುಕಿದ್ದರ ಹೇಳತಿದ್ದೆ. ನಿನ್ನ ಏಕಾದಶಿ ಪೂರ್ತಿ ಇವರದು ಅಂತ!"

ಅವರ ಹಣೆಯ ಮೇಲೆ ಆಗಲೇ ಬೆವರಿತ್ತು. ಒಳಗೆ ತಂಪಿದ್ದರೂ ಬೆವರಿತ್ತು. ಈಗ ನೆನಪಿನಲ್ಲಿ ನಾನು ಆ ಬೆವರ ಹನಿಗಳನ್ನು ಎಷ್ಟು ಸ್ಪಷ್ಟವಾಗಿ ನೋಡುತ್ತೇನೆಂದರೆ ಕರವಸ್ತ್ರ ಚಾಚಿ ಒರೆಸಬಹುದು. ಅಂದು ಹೊರಗಿನ ಬಿಸಿಲಿನ ಬೆವರೆಂದುಕೊಂಡೆ. ಅವರೂ ಹಾಗೆಯೇ ಅಂದುಕೊಂಡು, ನಾನು ಕೇಳಿದ್ದಕ್ಕೆ "ಐ ಆಮ್ ಫೈನ್" ಎಂದರು.

ಕೊನೆಯ ಹಾಲು ಕತ್ತಲು. ನಡುವೆ ಆ ಮೆಟ್ಟಿಲುಗಳು. ನಿಜವಾದ ಗುಡಿಯಲ್ಲಿ ಇಬ್ಬರು ದೇವರು ಅಕ್ಕಪಕ್ಕ ಇದ್ದರು, ಯುದ್ಧದವನು, ಮಳೆಯವನು. ಅದಕ್ಕೆ ಒಂದು ಬದಿಗೆ ಕೆಂಪು ಬೆಳಕು, ಇನ್ನೊಂದು ಬದಿಗೆ ನೀಲಿ ಬೆಳಕು ಬಿಟ್ಟಿದ್ದರು. ಬಲಿಯಾದವರ ದೇಹಗಳನ್ನು ಮೇಲಿನಿಂದ ಇದೇ ಮೆಟ್ಟಿಲ ಮೇಲೆ ಉರುಳಿಸುತ್ತಿದ್ದರು. ಕೆಳಗೆ ದೊಡ್ಡ ದುಂಡು ಕಲ್ಲಿತ್ತು. ಅದರ ಮೇಲೆ ಅಂಗಾಂಗ ತುಂಡಾಗಿ ಬಿದ್ದ ಒಬ್ಬ ದೇವತೆ, ತಮ್ಮನೇ ಬೆಟ್ಟದ ಮೇಲಿನಿಂದ ಎಸೆದ ಅಕ್ಕ. ಆ ಕಲ್ಲಿನ ಅಚ್ಚನ್ನು ಇಲ್ಲಿಯೂ ಮೆಟ್ಟಿಲ ಬುಡದಲ್ಲಿ ನೆಲಕ್ಕೆ ಹಾಸಿದ್ದರು. ಅದರ ಅಂಚಿನಲ್ಲಿ ಕೂತು ನಾನು ಆ ದೇವತೆಯ ತಲೆಯಲ್ಲಿದ್ದ ಗರಿಗಳನ್ನು ನೋಡುತ್ತಿದ್ದೆ. ಇಂಥ ಕಲ್ಲನ್ನು ಇಷ್ಟು ಹತ್ತಿರದಿಂದ ನೋಡುವ ಆಸೆಗೇ ನಾನು ಎಂ.ಎ. ಓದಿದ್ದು.

"ನಾ ಮ್ಯಾಲೆ ಹೋಗಿ ನೋಡತೀನಿ" ಎಂದು ಕಾಕು ಕಟಕಟೆ ಹಿಡಿದು ಹತ್ತಿದರು. ಚುರುಕಾಗಿಯೇ ಹತ್ತಿದರು. ಆ ಹೊತ್ತಿಗೆ ಹಾಲಿನಲ್ಲಿ ನಾವಿಬ್ಬರು, ದೂರದ ಮೂಲೆಯಲ್ಲಿ ಕಾವಲಿನ ಹೆಂಗಸೊಬ್ಬಳು.

"ಶಾಂತಾ."

ನಾನು ತಲೆಯೆತ್ತಲಿಲ್ಲ. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ.

"ಶಾಂತಾ, ಬಾರಲೇ. ಬಾವಿ ತುಂಬೇದ ನೋಡು."

ತಲೆಯೆತ್ತಿದೆ. ಕಾಕು ಮೆಟ್ಟಿಲ ತುದಿಯಲ್ಲಿ, ಎರಡೂ ಕಟಕಟೆಗಳಿಂದ ದೂರ, ನಟ್ಟನಡುವೆ ನಿಂತಿದ್ದರು. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದಿದ್ದರು. ಚಪ್ಪಲಿ ಬಿಟ್ಟಿದ್ದರು. ನೀಲಿ ಬೆಳಕು ಅವರ ಪಾದದಿಂದ ಕೆಳಕ್ಕೆ, ನನ್ನವರೆಗೂ ಅಲೆಯಲೆಯಾಗಿ ಇಳಿದಿತ್ತು. ಅವರು ಬಲಗಾಲನ್ನು ಮುಂದೆ ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದರು.

ನೀರು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತಿದ್ದರು.

ನಡೆದದ್ದು ಒಂದೇ ಸಲ. ನಾನು ನೋಡಿದ್ದು ಎಷ್ಟು ಸಲ ಎಂದು ಹೇಳಲಾರೆ. ಪಾತ್ರೆ ತೊಳೆಯುವಾಗ, ಲಿಫ್ಟಿನ ಬಾಗಿಲು ತೆರೆಯುವಾಗ, ನಿದ್ದೆಯ ಅಂಚಿನಲ್ಲಿ ಆ ಬರಿಗಾಲು ಬರುತ್ತದೆ. ಬೆರಳಿನ ಕಾಲುಂಗುರವೂ ಕಾಣುತ್ತದೆ. ಕೆಲವೊಮ್ಮೆ ನನ್ನ ನೆನಪಿನಲ್ಲಿ ಅವರು ಕಾಲಿಟ್ಟೇಬಿಡುತ್ತಾರೆ. ನಾನು ಆ ದುಂಡು ಕಲ್ಲಿನ ಮೇಲೆ ನಿಂತು ಎರಡೂ ಕೈ ಚಾಚುತ್ತೇನೆ. ಅಲ್ಲಿಗೆ ಎಚ್ಚರವಾಗುತ್ತದೆ.

ಕಿರುಚಿದರೆ ಬೆಚ್ಚಿ ಬೀಳುತ್ತಾರೆ ಎಂಬುದೊಂದೇ ಆಗ ನನಗೆ ತಿಳಿದದ್ದು. "ಕಾಕು" ಎಂದರೆ ಅವರು ಯಾರನ್ನೋ ಹುಡುಕಿ ತಿರುಗಬಹುದು. ನನ್ನ ಮೈಸೂರಿನ ನಾಲಿಗೆ ಹೇಗೆ ಹೊರಳಿತೋ ಕಾಣೆ.

"ಬಂದೆ ಅಕ್ಕಾ. ತಡೀ. ನಾನೂ ಬರತೀನಿ."

ಕಾಲು ಗಾಳಿಯಲ್ಲೇ ನಿಂತಿತು.

"ಎಷ್ಟೊತ್ತು ಮಾಡತಿ? ಯಾವಾಗಲೂ ಹಿಂಗ."

"ನನಗ ಅಂಜಿಕಿ ಬರತದ ಅಕ್ಕಾ. ನೀ ಕೂಡು. ಕೂತರ ನಾ ಹತ್ತಿ ಬರತೀನಿ. ಕೂಡಿ ಇಳಿಯೋಣು."

ಮಾತಾಡುತ್ತಲೇ ಹತ್ತಿದೆ. ಅವರ ಕಣ್ಣು ನನ್ನ ಮೇಲಿತ್ತು, ಆದರೆ ನಾನು ಆ ಕಣ್ಣಿನಲ್ಲಿ ಇರಲಿಲ್ಲ. ಮುಖ ಮೇಣದಂತಾಗಿತ್ತು. "ಅಂಜುಬುರುಕಿ" ಎಂದರು. ತಂಗಿಯರಿಗೆ ಮಾತ್ರ ಸಿಗುವ ಒಂದು ಬೇಸರದ ಪ್ರೀತಿ ಅದರಲ್ಲಿತ್ತು. ಆಮೇಲೆ, ದೇವರು ದೊಡ್ಡವನು, ತುದಿಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತರು. ನಾನು ಅವರ ಕೆಳಗಿನ ಮೆಟ್ಟಿಲಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಅವರ ಸೊಂಟ ಬಳಸಿ ಹಿಡಿದೆ. ರವಿಕೆ ನೀರಿನಲ್ಲಿ ಅದ್ದಿದಂತೆ ಒದ್ದೆಯಾಗಿತ್ತು.

ಡಬ್ಬಿ ತೆರೆದೆ. ಉಂಡೆ ಮುರಿದು, ಬೆಲ್ಲ ಹೆಚ್ಚಿದ್ದ ಒಂದು ಚೂರು ಬಾಯಿಯ ಹತ್ತಿರ ಹಿಡಿದೆ. ಅವರು ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಬ್ಯಾಡ. ಬುರುಡಿ ಅದಾವ."

"ಅಕ್ಕಾ, ಒಂದು ಚೂರು."

"ಸ್ನಾನ ಆಗಿಲ್ಲ!" ಕೈಯನ್ನು ತಳ್ಳಿದ ರಭಸಕ್ಕೆ ಚೂರು ಹಾರಿ ಮೆಟ್ಟಿಲ ಮೇಲೆ ಪುಟಿಯುತ್ತ ಕೆಳಗೆ ಹೋಯಿತು. ಎಲ್ಲವೂ ಮಬ್ಬಾಗಿದ್ದ ಆ ತಲೆಯಲ್ಲಿ ಕಟ್ಟಳೆಯೊಂದು ಮಾತ್ರ ಕಲ್ಲಿನಂತೆ ನಿಂತಿತ್ತು. ಮೂಲೆಯಿಂದ ಕಾವಲಿನ ಹೆಂಗಸು, "ಸಾರಿ ಲೇಡೀಸ್, ನೋ ಫುಡ್ ಇನ್ ದ ಗ್ಯಾಲರಿ" ಎನ್ನುತ್ತ ಬರತೊಡಗಿದವಳು ನನ್ನ ಮುಖ ನೋಡಿ ನಿಂತಳು. "ಶುಗರ್!" ಎಂದು ಕೂಗಿದೆ. "ಶೀ ಈಸ್ ಡಯಬೆಟಿಕ್!" ಅವಳು ರೇಡಿಯೋದಲ್ಲಿ ಮಾತಾಡುತ್ತ ಓಡಿದಳು.

ಕಾಕು ನನ್ನ ತೋಳಿನೊಳಗೆ ಭಾರವಾಗುತ್ತಿದ್ದರು. ರೆಪ್ಪೆ ಇಳಿಯುತ್ತಿತ್ತು. ಎಚ್ಚರ ತಪ್ಪಿದ ಮೇಲೆ ಬಾಯಿಗೆ ಏನೂ ಹಾಕಬಾರದೆಂದು, ಉಸಿರಿನ ದಾರಿಗೆ ಹೋಗುತ್ತದೆಂದು, ಅವರೇ ಒಮ್ಮೆ ಹೇಳಿದ್ದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಡಬ್ಬಿಯ ತುಂಬ ಬೆಲ್ಲವಿದ್ದೂ ಉಪಯೋಗವಿರುವುದಿಲ್ಲ.

ಆಗ ಹೇಳಿದೆ. ಯೋಚಿಸಿ ಹೇಳಿದೆನೇ? ಗೊತ್ತಿಲ್ಲ.

"ಅಕ್ಕಾ, ಇದು ಫರಾಳ ಅಲ್ಲ. ಪ್ರಸಾದ. ಈ ಗುಡಿಯ ಪ್ರಸಾದ. ಪ್ರಸಾದ ಬ್ಯಾಡ ಅನಬಾರದು."

ರೆಪ್ಪೆ ಅರೆತೆರೆಯಿತು. ಮಡಿಲಲ್ಲಿ ಬಿದ್ದಿದ್ದ ಕೈಗಳು ಅಲುಗಿದವು. ಎಡಗೈ ಬಲಗೈಯ ಕೆಳಗೆ ಬಂತು. ಬಲಗೈ ನಿಧಾನವಾಗಿ ಗುಂಡಿಯಾಗಿ ನನ್ನ ಮುಂದೆ ಚಾಚಿಕೊಂಡಿತು, ಗರ್ಭಗುಡಿಯ ಹೊಸ್ತಿಲ ಮುಂದೆ ಚಾಚಿಕೊಳ್ಳುವ ಹಾಗೆ. ಬುದ್ಧಿಗೆ ಗೊತ್ತಿಲ್ಲದಿದ್ದರೂ ಆ ಕೈಗೆ ಗೊತ್ತಿತ್ತು. ಪುಡಿಮಾಡಿ ಇಟ್ಟೆ. ನಡುಗುತ್ತಲೇ ಕಣ್ಣಿಗೊತ್ತಿಕೊಂಡರು. ಅರ್ಧ ಕೆನ್ನೆಗೆ ಅಂಟಿತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಮಗುವಿನಂತೆ ಚಪ್ಪರಿಸಿದರು. ಮತ್ತೆ ಕೈ ಚಾಚಿದರು. ಮತ್ತೆ ಇಟ್ಟೆ. ಇಡುವಾಗ ಏನು ಹೇಳಬೇಕೆಂದು ತಿಳಿಯದೆ, ನಮ್ಮ ಮೈಸೂರಿನ ಮನೆಯ ಹತ್ತಿರದ ಗುಡಿಯ ಭಟ್ಟರ ಹಾಗೆ, "ಒಳ್ಳೇದಾಗಲಿ, ಒಳ್ಳೇದಾಗಲಿ" ಎನ್ನುತ್ತಿದ್ದೆ.

ಕಾವಲಿನ ಹೆಂಗಸು ಕೆಫೆಯಿಂದ ಸಿಹಿ ಜ್ಯೂಸಿನ ಬಾಟಲಿ ತಂದು ನಮ್ಮ ಪಕ್ಕದ ಮೆಟ್ಟಿಲಲ್ಲೇ ಕೂತಳು. ತನ್ನ ಜಾಕೆಟ್ಟು ಬಿಚ್ಚಿ ಕಾಕುವಿನ ಬೆನ್ನಿಗೆ ಹೊದಿಸಿದಳು. ಗುಟುಕು ಗುಟುಕಾಗಿ ಕುಡಿಸಿದೆವು. ಎಷ್ಟು ಹೊತ್ತೋ. ಒಂದು ಗಳಿಗೆಯಲ್ಲಿ ಕಾಕು ನನ್ನ ಕಡೆ ನೋಡಿದರು, ಮತ್ತು ಈ ಸಲ ನಾನು ಆ ಕಣ್ಣಿನಲ್ಲಿದ್ದೆ.

"ವಿನುತಾ," ಎಂದರು. "ನನ್ನ ಚಪ್ಪಲಿ ಯಾಕ ಬಿಚ್ಚೀ?"

ನಾನು ಅಳಲು ಶುರುಮಾಡಿದ್ದು ಆಗ.

ಆಂಬುಲೆನ್ಸಿನವರು ಬರುವ ಹೊತ್ತಿಗೆ ಕಾಕು ಪೂರ್ತಿ ಡಾಕ್ಟರಾಗಿದ್ದರು. ಬೆರಳು ಚುಚ್ಚುತ್ತಿದ್ದ ಹುಡುಗಿಗೆ "ಪಕ್ಕಕ್ಕ ಚುಚ್ಚು, ನಡುವ ಅಲ್ಲ" ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿದರು. ಆಸ್ಪತ್ರೆಗೆ ವಿದ್ಯಾ ಓಡಿಬಂದಳು, ಕೊರಳಲ್ಲಿ ಇನ್ನೂ ತನ್ನ ಆಸ್ಪತ್ರೆಯ ಬಿಲ್ಲೆ. "ಯು ಟೆಲ್ ಎವ್ರಿಬಡಿ, ಅಮ್ಮಾ! ಊರಿಗೆಲ್ಲ ನೀನೇ ಹೇಳ್ತೀ!" ಎಂದು ಬೈದು, ಬೈಯುತ್ತಲೇ ಅವರ ಕೆನ್ನೆಗಂಟಿದ್ದ ರಾಜಗಿರಿಯನ್ನು ಉಗುರಿನಿಂದ ಬಿಡಿಸಿದಳು.

ಅವರಿಗೆ ಮೇಲೆ ಹತ್ತಿದ್ದು ನೆನಪಿದೆ, ಜ್ಯೂಸು ನೆನಪಿದೆ. ನಡುವಿನದು ಇಲ್ಲ. ಅದೊಂದು ನ್ಯಾಯವಲ್ಲದ ವ್ಯವಹಾರ. ಅಪಾಯದಲ್ಲಿದ್ದವರು ಅವರು, ಅದು ಉಳಿದದ್ದು ನನ್ನಲ್ಲಿ. ವಿದ್ಯಾ ತನ್ನ ಚಿಕ್ಕಮ್ಮ ಶಾಂತಾ ಮೌಶಿಗೆ ಗದಗಿಗೆ ಫೋನು ಮಾಡಿ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರಂತೆ. "ಜೀವ ಹೋಗೋ ಹೊತ್ತಿನಾಗೂ ನನಗ ಅಂಜುಬುರುಕಿ ಅಂದ್ಲೇನು?" ಎಂದು ಕೇಳಿದರಂತೆ.

ಆ ಬೇಸಿಗೆ ಅಲ್ಲಿಗೆ ಮುಗಿಯಿತು. ಮರುವಾರವೇ ಮಳೆ ಬಂತು, ಲಂಡನ್ನಿನ ಎಂದಿನ ಸಣ್ಣ ಮಳೆ. ಶರತ್ಕಾಲ ಬರುವಷ್ಟರಲ್ಲಿ ಪ್ರದರ್ಶನ ಮುಚ್ಚಿ ಮೆಟ್ಟಿಲುಗಳನ್ನು ಬಿಚ್ಚಿ ಹಾಕಿದರು. ನನ್ನೊಳಗಿನವು ಮಾತ್ರ ಹಾಗೆಯೇ ಉಳಿದವು. ಅಂದಿನಿಂದ ಎಸ್ಕಲೇಟರಿನಲ್ಲಿ ವಯಸ್ಸಾದವರು ಯಾರೇ ಇರಲಿ, ನಾನು ಅವರ ಕೆಳಗಿನ ಮೆಟ್ಟಿಲಲ್ಲಿ, ಮುಖ ಮೇಲಕ್ಕೆ ಮಾಡಿ ನಿಲ್ಲುತ್ತೇನೆ. ಜನ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಸೌತ್‌ಹಾಲಿನಿಂದ ಕಳೆದ ವಾರ ರಾಜಗಿರಿ ಕಾಳು ತೆಗೆದುಕೊಂಡು ನೇರ ಸ್ಟ್ಯಾನ್ಮೋರಿಗೆ ಹೋದೆ. ಕಾಕುವೇ ತರಲು ಹೇಳಿದ್ದರು. ಮರುದಿನ ಏಕಾದಶಿ. ಉಪವಾಸ ಬಿಡಿಸಲು ಮನೆಯ ಅಷ್ಟೂ ಡಾಕ್ಟರುಗಳಿಂದ ಆಗಲಿಲ್ಲ. ಮಾತ್ರೆ ಬದಲಾಗಿದೆ, ಒಪ್ಪಂದ ಬದಲಾಗಿದೆ: 'ಫರಾಳ ಮೊದಲ, ಬುರುಡಿ ಆಮ್ಯಾಲೆ.' ಉಂಡೆ ಕಟ್ಟುವಾಗ, ಇಷ್ಟು ವರ್ಷ ಬಾಯಿಬಿಡದೆ ಇಟ್ಟಿದ್ದ ಫಲಕದ ಆ ಸಾಲನ್ನು ಹೇಳಿದೆ, ರಕ್ತ ಬೆರೆಸುತ್ತಿದ್ದ ಸಾಲನ್ನು. ಕಾಕು ಬಿಸಿ ಪಾಕದಿಂದ ಕೈ ತೆಗೆದು ನನ್ನನ್ನು ದುರುಗುಟ್ಟಿ ನೋಡಿದರು.

"ಅದನ್ನ ಅವತ್ತ ಹೇಳಿದ್ದರ ನಾ ಅಲ್ಲೇ ಸಾಯತಿದ್ದೆ, ತಿನ್ನತಿದ್ದಿಲ್ಲ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ."

"ಹಿಸ್ಟರಿ ಓದಿದ್ದಕ್ಕ ಅಷ್ಟರ ಉಪಯೋಗ ಆತು ಬಿಡು. ಯಾವುದನ್ನ ಓದಬಾರದು ಅಂತ ತಿಳೀತು."

ಮರುದಿನ, ಗಡಿಯಾರ ನೋಡಿ ಫರಾಳ ಮುಗಿಸಿದ ಮೇಲೆ, ಇಬ್ಬರೂ ಹೊರಟೆವು. ಸ್ಟ್ಯಾನ್ಮೋರ್ ಸ್ಟೇಷನ್ನು ರಸ್ತೆಯ ಮಟ್ಟದಲ್ಲಿದೆ, ಪ್ಲಾಟ್‌ಫಾರ್ಮು ಬಹಳ ಕೆಳಗೆ. ಉದ್ದನೆಯ ಮೆಟ್ಟಿಲು. ಕಾಕುವಿನ ನಡಿಗೆ ಈಗ ಮೊದಲಿನಷ್ಟು ಚುರುಕಿಲ್ಲ. ನಾನು ಎಂದಿನಂತೆ ಒಂದು ಮೆಟ್ಟಿಲು ಮುಂದೆ ಇಳಿದು, ಅವರ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ಇಳಿಯತೊಡಗಿದೆ. ಕಣ್ಣು ಅವರ ಕಾಲಿನ ಮೇಲೆ. ಕಾಲಲ್ಲಿ ಬೂಟು, ಒಳಗೆಲ್ಲೋ ಕಾಲುಂಗುರ.

ನಾಲ್ಕು ಹೆಜ್ಜೆಗೇ ಕಾಕು ನಿಂತುಬಿಟ್ಟರು.

"ಏನಿದು?"

"ಏನಿಲ್ಲ ಕಾಕು. ಬನ್ನಿ."

"ಅವತ್ತಿನಿಂದ ನೋಡಾಕತ್ತೀನಿ. ಎಲ್ಲೆ ಮೆಟ್ಟಿಲು ಬಂದ್ರೂ ಹಿಂಗ ಏಡಿ ನಡದಂಗ ನಡೀತಿ. ತಿರುಗು ಆ ಕಡೆ."

"ನೀವು ಬಿದ್ರೆ?"

"ನಾ ಬಿದ್ದರ ನೀ ಹಿಡೀತಿ. ಹಿಡದೀ. ಅದು ಆಗಿ ಹೋತು." ಒಂದು ಉಸಿರು ತೆಗೆದುಕೊಂಡರು. "ನೀ ಬಿದ್ದರ ನಾ ಹೆಂಗ ಹಿಡೀಲಿ? ನಿಮ್ಮವ್ವಗ ಏನು ಉತ್ತರ ಕೊಡಲಿ?"

ಕೆಳಗೆ ರೈಲು ಬಂದು ನಿಂತಿತ್ತು. ಹಿಂದಿದ್ದ ಒಬ್ಬಾತ "ಎಕ್ಸ್‌ಕ್ಯೂಸ್ ಮಿ" ಎಂದು ದಾಟಿಕೊಂಡು ಹೋದ. ನಾನು ತಿರುಗಿ ನಿಂತೆ. ಬೆನ್ನು ಅವರಿಗೆ, ಮುಖ ಕೆಳಗಿನ ಬೆಳಕಿಗೆ. ಬೆನ್ನ ಹಿಂದೆ ಏನೂ ಇಲ್ಲವೆಂದು ಒಂದು ಗಳಿಗೆ ಅನ್ನಿಸಿತು.

ಆಮೇಲೆ ಅವರ ಕೈ ನನ್ನ ಹೆಗಲ ಮೇಲೆ ಬಂತು. ಹತ್ತಿಯ ಕುರ್ತಾದ ಮೂಲಕ ಬೆರಳುಗಳು ಒಂದೊಂದಾಗಿ ತಿಳಿಯುತ್ತಿದ್ದವು. ಫರಾಳದ ಉಂಡೆಯ ಬೆಲ್ಲದ ಅಂಟು ಇನ್ನೂ ಅವುಗಳಲ್ಲಿತ್ತು. ನಾವು ಇಳಿದೆವು.